ಕಾಕಾ ಮೂಸಿದ ಬಿಯರು

ನಮ್ಮ ಕಾಕಾನ ಮೂಗನ್ನು ನಾನು ಕಡಿಮೆಯೆಂದರೂ ಹತ್ತು ಮದುವೆಗಳಲ್ಲಿ ನಕಲು ಮಾಡಿ ತೋರಿಸಿದ್ದೇನೆ. ಸಮಡೋಳಿಯ ಹಾಲಿನ ಸೊಸೈಟಿಯಲ್ಲಿ ವರ್ಷಾನುಗಟ್ಟಲೆ ಅವರದು ಒಂದೇ ಕೆಲಸ. ಕ್ಯಾನಿನ ಮುಚ್ಚಳ ಎತ್ತಬೇಕು, ಅದರ ಒಳಬದಿ ಮೂಸಬೇಕು. ಹಾಲು ಚೆನ್ನಾಗಿದ್ದರೆ ಮುಚ್ಚಳ ಹಾಕಿ ಕ್ಯಾನನ್ನು ಮುಂದೆ ದೂಡುವುದು, ಇಲ್ಲದಿದ್ದರೆ ಮುಚ್ಚಳವನ್ನು ನೆಲದ ಮೇಲೆ ಬೋರಲು ಇಡುವುದು. ಮಾತಿಲ್ಲ. ಒಮ್ಮೆ ಚೇರ್ಮನ್ನರ ಮನೆಯ ಕ್ಯಾನಿನ ಮುಚ್ಚಳವೂ ಬೋರಲು ಬಿತ್ತು. ಅದನ್ನು ಆಡಿ ತೋರಿಸುವಾಗ ನಾನು ಹೊಳ್ಳೆ ಅರಳಿಸಿ, ಕಣ್ಣು ಅರ್ಧ ಮುಚ್ಚಿ, ಕೊನೆಗೆ ಚೇರ್ಮನ್ನರ ಕೆಮ್ಮನ್ನೂ ಸೇರಿಸುತ್ತಿದ್ದೆ. ಮದುಮಗಳೂ ನಗುತ್ತಿದ್ದಳು. ಕಾಕಾ ಮಾತ್ರ, "ಹೊಳ್ಳಿ ಅಷ್ಟ ಅರಳಂಗಿಲ್ಲೋ ತಮ್ಮಾ" ಎಂದು ತಿದ್ದುತ್ತಿದ್ದರು.

ನನ್ನ ಶಾಲೆಯ ಗೆಳೆಯನೊಬ್ಬ ಪುಣೆಯಲ್ಲಿ ಎರಡು ವರ್ಷ ಬಿಯರ್ ಮಾಡುವುದನ್ನು ಕಲಿತು ಬಂದು ಮಾಧವನಗರದ ಹತ್ತಿರದ ಹೋಟೆಲೊಂದಕ್ಕೆ ಸೇರಿಕೊಂಡ. ಅಲ್ಲೇ ಬಿಯರ್ ತಯಾರಿಸಿ ಅಲ್ಲೇ ಮಾರುವ ಪರವಾನಗಿ ಮಾಲೀಕರಿಗೆ ಸಿಕ್ಕಿತ್ತು. ಮಾಲೀಕರಿಗೆ ಬೇಕಾದದ್ದು ನೀರಿನಂತೆ ಇಳಿಯುವ ಸಾದಾ ಬಿಯರು. ಗೆಳೆಯನ ಜೀವ ಇದ್ದದ್ದು ಇಂಡಿಯಾ ಪೇಲ್ ಏಲ್‌ನಲ್ಲಿ. ಹಾಪ್ಸ್ ಎಂಬ ಹೂವನ್ನು ಧಾರಾಳವಾಗಿ ಹಾಕಿ ಮಾಡುವ, ಕಹಿಯೂ ಘಮವೂ ಜೋರಾಗಿರುವ ಬಿಯರದು. ಬಹಳ ಗೋಗರೆದ ಮೇಲೆ ಮಾಲೀಕರು ಒಂದು ಟ್ಯಾಂಕಿಗೆ ಒಪ್ಪಿದರು.

"ಶನಿವಾರ ಗಿರಾಕಿಗೆ ಕೊಡೂಣು. ಅರ್ಧಾ ಗ್ಲಾಸ್ ಬಿಟ್ಟು ಎದ್ರಂದ್ರ ನಿನ್ನ ಕಹಿ ಅಲ್ಲಿಗೇ ಬಂದ್" ಎಂದರು.

ಗುರುವಾರ ಬೆಳಿಗ್ಗೆ ರುಚಿ ನೋಡಲು ಗೆಳೆಯ ನನ್ನನ್ನು ಕರೆದ. ನನ್ನ ನಾಲಿಗೆ ಚುರುಕು ಎಂದು ಅವನ ನಂಬಿಕೆ. ಚುರುಕೇನೋ ಹೌದು, ಆದರೆ ಮಾತಿಗೆ. ಮನೆಯಲ್ಲಿ ಸಾರಿಗೆ ಉಪ್ಪು ಮರೆತ ದಿನ ಎರಡನೇ ಸಲ ಹಾಕಿಸಿಕೊಂಡು ಉಂಡವನು ನಾನೊಬ್ಬನೇ. ಅದನ್ನು ಅವನಿಗೆ ಹೇಳಿರಲಿಲ್ಲ.

ಮಾಲೀಕರು, ಗೆಳೆಯ, ಅಡುಗೆಯವರಿಬ್ಬರು, ನಾನು. ಗ್ಲಾಸನ್ನು ಬೆಳಕಿಗೆ ಹಿಡಿದೆ, ತಿರುವಿದೆ, ವಿಡಿಯೊದಲ್ಲಿ ನೋಡಿದ ಪರೀಕ್ಷಕನ ಹಾಗೆ ಹುಬ್ಬು ಏರಿಸಿ, "ಕಿತ್ತಳೆ ಸಿಪ್ಪೆ. ಮಾವಿನಹಣ್ಣು. ದೂರದಲ್ಲೆಲ್ಲೋ ಒಂದು ದೇವದಾರು ಮರ" ಎಂದೆ. ಎಲ್ಲರೂ ನಕ್ಕರು. ನಕ್ಕರೆ ನನಗೆ ನಿಲ್ಲಿಸಲು ಬರುವುದಿಲ್ಲ. ಎದ್ದು ನಿಂತು, ಚೇರ್ಮನ್ನರ ಹಾಗೆ ಕೆಮ್ಮಿ, ಅವರದೇ ದನಿಯಲ್ಲಿ ಶುರು ಮಾಡಿದೆ.

"ಸಭಾಸದ ಬಂಧುಗಳೇ, ವಿಷಯ ನಂಬರ್ ಒಂದು. ಸದರಿ ಬಿಯರು ಚಲೋ ಐತಿ ಅಂತ ಠರಾವು. ಮಂಜೂರಾ?"

"ಮಂಜೂರ, ಮಂಜೂರ."

ಸಕ್ಕರೆ ಕಾರ್ಖಾನೆ ಇರಲಿ, ಬ್ಯಾಂಕಿರಲಿ, ಹಾಲಿನ ಸೊಸೈಟಿ ಇರಲಿ, ವಾರ್ಷಿಕ ಸಭೆಯಲ್ಲಿ ಆ ರಾಗ ಕೇಳಿದ ಕೂಡಲೇ ನಮ್ಮ ಕಡೆಯವರ ಕೈ ತಾನೇ ಮೇಲೇಳುತ್ತದೆ. ಅಡುಗೆಯವರ ಗ್ಲಾಸು ಇನ್ನೂ ತುಟಿಗೂ ತಾಕಿರಲಿಲ್ಲ. ಗೆಳೆಯ ಮಾತ್ರ ಕಣ್ಣು ಒರೆಸಿಕೊಂಡು, "ಮಾವಿನಹಣ್ಣ ಅಂದೆಲ್ಲ, ಸಾಕು" ಎಂದ. ಇವನು ನಿಜವೆಂದೇ ನಂಬಿದ್ದಾನೆ ಎಂದು ನನಗೆ ಹೊಳೆದದ್ದು ಆಗ.

ಅಷ್ಟರಲ್ಲಿ ಹೊರಗೆ ಟೆಂಪೊ ನಿಂತಿತು. ಬಿಯರಿಗೆ ಬಿಸಿನೀರಿನಲ್ಲಿ ನೆನೆಸಿ ಸೋಸಿದ ಮೇಲೆ ಉಳಿದ ಬಾರ್ಲಿಯನ್ನು ಎಮ್ಮೆಗಳಿಗೆ ಒಯ್ಯಲು ಕಾಕಾ ಬಂದಿದ್ದರು.

"ಕಾಕಾ, ನೀವೂ ಒಂದ್ ಗ್ಲಾಸ್ ನೋಡ್ರಿ" ಎಂದೆ, ರೇಗಿಸಲಿಕ್ಕೆಂದೇ. ಕಾಕಾ ವರ್ಷವೂ ನಡೆದು ಯಾತ್ರೆ ಹೋಗುವ ವಾರಕರಿ ಭಕ್ತರು, ಕೊರಳಲ್ಲಿ ತುಳಸಿ ಮಾಲೆ ಇದೆ, ಹೆಂಡದ ಹನಿ ಮುಟ್ಟುವವರಲ್ಲ.

"ಮಾಳಿ ಕೊಳ್ಳಾಗೈತಿ. ಮೂಗಿಗೇನ್ ಹಾಕಿಲ್ಲ. ತಾ ಇಲ್ಲಿ."

ಚಹಾದ ಕಪ್ಪಿನ ಬಸಿಯೊಂದನ್ನು ಕೇಳಿ ಇಸಿದುಕೊಂಡು ಗ್ಲಾಸಿನ ಮೇಲೆ ಮುಚ್ಚಿದರು. ಗ್ಲಾಸನ್ನು ಎರಡೂ ಅಂಗೈಯಲ್ಲಿ ಹಿಡಿದು ಕುಳಿತರು. "ತಂಪಿನ್ಯಾಗ ವಾಸನಿ ಅಡಗಿ ಕುಂದರತೈತಿ" ಎಂದರು. ಸ್ವಲ್ಪ ಹೊತ್ತಿನ ಮೇಲೆ ಬಸಿ ಎತ್ತಿ ಅದರ ಒಳಬದಿ ಮೂಸಿದರು. ಹೊಳ್ಳೆ ನಿಜಕ್ಕೂ ಅಷ್ಟು ಅರಳಲಿಲ್ಲ.

"ಕಹಿ ವಾಸನಿ. ಎಮ್ಮಿ ಏನ್ ತಿಂದಿತ್ತು?"

"ಅದು ಹೂವಿಂದ್ರಿ ಕಾಕಾ. ಬೇಕಂತನ ಹಾಕೇವಿ" ಎಂದ ಗೆಳೆಯ.

"ಬೇಕಂತ?" ಕಾಕಾ ಅವನನ್ನು ಕನಿಕರದಿಂದ ನೋಡಿದರು. ಮತ್ತೆ ಮೂಸಿದರು. "ಆತು, ಅದು ನಿಂದು. ಬೆಣ್ಣಿ ಯಾಕ ಹಾಕ್ದಿ?"

"ಬೆಣ್ಣಿ? ಇದು ಬಿಯರ್ ರೀ."

"ಅದು ನಿನಗ ಗೊತ್ತು. ಮೂಗಿಗಿ ಗೊತ್ತಿಲ್ಲ." ಎಂದವರೇ ಬಸಿಯನ್ನು ಟೇಬಲ್ಲಿನ ಮೇಲೆ ಬೋರಲು ಇಟ್ಟರು.

ಗೆಳೆಯ ಆ ಗ್ಲಾಸನ್ನು ಮೂಸಿದ. ಕುಡಿದ. ಮುಖ ಸಪ್ಪಗಾಯಿತು. "ಖರೇ ಐತಿ. ಶನಿವಾರದ ಅವಸರಕ್ಕ ಎರಡು ದಿನಾ ಮೊದಲ ತಂಪ ಮಾಡೇನಿ. ಟ್ಯಾಂಕ್ ಬೆಚ್ಚಗ ಇಟ್ಟಿದ್ರ ಆ ಬೆಣ್ಣಿ ವಾಸನಿ ಯೀಸ್ಟ್ ತಾನ ತಿಂದು ಹಾಕತಿತ್ತು." ಆಮೇಲೆ ನನ್ನ ಕಡೆ ತಿರುಗಿದ. "ನಿನಗ ಬೆಣ್ಣಿ ವಾಸನಿ ಬಡೀಲಿಲ್ಲೇನಲೇ? ಮಾವಿನಹಣ್ಣ ಅಂದಿ."

"ನಾ ಅನ್ಲಿಲ್ಲ. ವಿಡಿಯೊದಾಗಿನವ ಅಂದಿದ್ದ" ಎಂದೆ. ಹುಟ್ಟಿದಾಗಿನಿಂದ ನಾನು ಆಡಿದ ಮಾತುಗಳಲ್ಲಿ ಯಾರೂ ನಗದಿದ್ದದ್ದು ಅದೊಂದೇ.

ಮಾಲೀಕರು ಗಂಟಲು ಸರಿಮಾಡಿಕೊಂಡರು. "ಆಗಲೇ ಮಂಜೂರ್ ಆಗೇತಲ್ರಿ ಕಾಕಾ."

"ಮಂಜೂರ್ ಅಂದ್ರ ವಾಸನಿ ಹೋಗತೈತೇನ್ರಿ?"

ಮಾಲೀಕರು ಬೋರಲು ಬಿದ್ದ ಬಸಿಯನ್ನು ನೋಡಿ ಒಂದು ವಾರ ಕೊಟ್ಟರು. ಗೆಳೆಯ ಟ್ಯಾಂಕನ್ನು ಬೆಚ್ಚಗೆ ಮಾಡಿದ, ದಿನವೂ ಮೂಸಿದ, ಆಮೇಲಷ್ಟೇ ತಂಪು ಮಾಡಿದ. ಮುಂದಿನ ಗುರುವಾರ ಬಾರ್ಲಿ ಇಲ್ಲದಿದ್ದರೂ ಕಾಕಾ ಬಂದರು. ಅದೇ ಬಸಿ, ಅದೇ ಅಂಗೈ. ಬಹಳ ಹೊತ್ತು ಮೂಸಿದರು. ಆಮೇಲೆ ಬಸಿ ಮುಚ್ಚಿ ಗ್ಲಾಸನ್ನು ನನ್ನ ಮುಂದಕ್ಕೆ ದೂಡಿದರು.

ಈ ಸಲ ಯಾರ ಕೈಯೂ ಮೇಲೇಳಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬಸಿ ಎತ್ತಿ ಮೂಸಿದೆ, ಒಂದು ಗುಟುಕು ಕುಡಿದೆ.

"ಕಹಿ ಐತಿ. ನುಂಗಿದ ಮ್ಯಾಲೆ ಮೋಸಂಬಿ ಸಿಪ್ಪಿ ಹಂಗ ಘಮ್ ಅಂತೈತಿ. ಇನ್ನೊಂದ್ ಗುಟುಕು ಬೇಕು ಅನಸ್ತೈತಿ" ಎಂದೆ.

ಗೆಳೆಯ ಅನುಮಾನದಿಂದ ಕೇಳಿದ, "ಇದು ಯಾರ ದನೀಲೇ?"

"ನಂದ."

"ಈ ನಕಲು ಮೊದಲ ಮಾಡಿದ್ದಿಲ್ಲ" ಎಂದರು ಕಾಕಾ.

ಶನಿವಾರ ಗಿರಾಕಿಗಳ ಗ್ಲಾಸುಗಳೆಲ್ಲ ಖಾಲಿಯಾಗಿ ಬಂದವು. ಅರ್ಧ ಉಳಿದದ್ದು ಒಂದೇ ಗ್ಲಾಸು, ಮಾಲೀಕರದು. ಅದನ್ನು ಗೆಳೆಯನ ಕಡೆ ಸರಿಸಿ, ಬಾಯಿ ಕಹಿ ಮಾಡಿಕೊಂಡೇ ಕೇಳಿದರು, "ಮುಂದಿನ ಟ್ಯಾಂಕ್ ಯಾವಾಗ ಹಾಕ್ತಿ?"