ಬ್ಯಾಟರಿ ಕೋಣೆಯ ವಾಸನೆ

ಹುಲಿಗೆವ್ವ ಕುಷ್ಟಗಿ ಕಡೆಯವಳು. ಬಿಟಿಎಂನಲ್ಲಿ ಗಂಡನ ಜೊತೆ ಒಂದು ಕೋಣೆಯ ಮನೆ ಹಿಡಿದು, ಜೆ.ಪಿ. ನಗರದ ಡೇಟಾ ಸೆಂಟರ್ ಒಂದರಲ್ಲಿ ನೆಲ ಒರೆಸುತ್ತಿದ್ದಳು. ಬೀರುಗಳಂತೆ ಸಾಲಾಗಿ ನಿಂತ ಕಂಪ್ಯೂಟರ್‌ಗಳು ಅಲ್ಲಿ ಬಿಡುವಿಲ್ಲದೆ ಗುಂಯ್‌ಗುಡುತ್ತಿದ್ದವು. ಮೊದಲ ದಿನವೇ ಸೂಪರ್‌ವೈಸರ್ ಪಿಳ್ಳಣ್ಣ ಹೇಳಿದ್ದ: "ಒಂದು ವೈರ್ ಕಿತ್ಕೊಂಡು ಬಂದ್ರೂ ನೂರು ಆಫೀಸ್ ನಿಂತೋಗತ್ತೆ. ಹುಷಾರಮ್ಮ." ಅಂದಿನಿಂದ ಅವಳು ಉಸಿರು ಬಿಗಿಹಿಡಿದೇ ಮಾಪ್ ಎಳೆಯುತ್ತಿದ್ದಳು.

2008ರ ಬೇಸಿಗೆಯಲ್ಲಿ ಅಲ್ಲಿ ಕರೆಂಟ್ ಉಳಿಸುವ ಕೆಲಸ ಶುರುವಾಯಿತು. ಯಂತ್ರಗಳು ತಿನ್ನುವಷ್ಟೇ ಕರೆಂಟನ್ನು ಅವನ್ನು ತಂಪಾಗಿಡುವ ಎಸಿಗಳೂ ತಿನ್ನುತ್ತಿದ್ದವು. ತಣ್ಣನೆ ಗಾಳಿಗೆ ಬಿಸಿಗಾಳಿ ಬೆರೆಯದಿರಲೆಂದು ಸಾಲುಗಳ ನಡುವೆ ದಪ್ಪ ಪ್ಲಾಸ್ಟಿಕ್ ಪರದೆ ಇಳಿಬಿಟ್ಟರು, ಅರ್ಧ ಎಸಿಗಳನ್ನು ಆರಿಸಿದರು. ಯಾರೋ ಬ್ಯಾಟರಿ ಕೋಣೆಯದನ್ನೂ ಆರಿಸಿಬಿಟ್ಟರು. ಕರೆಂಟ್ ಹೋದಾಗ ಜನರೇಟರ್ ಶುರುವಾಗುವ ತನಕ ಯಂತ್ರಗಳನ್ನು ನಡೆಸುವ ಬ್ಯಾಟರಿಗಳು ಅಲ್ಲಿದ್ದವು.

ಒಂದು ಬೆಳಿಗ್ಗೆ ಆ ಬಾಗಿಲು ತೆರೆದರೆ ಕೊಳೆತ ಮೊಟ್ಟೆಯ ವಾಸನೆ. ಮರುದಿನ ಇನ್ನೂ ಜೋರಾಗಿತ್ತು. ಹೇಳಿದರೆ 'ನೀನೇ ಏನೋ ಮುಟ್ಟಿದ್ದೀಯ' ಎಂದಾರೆಂದು ಹೆದರಿ ಸುಮ್ಮನಿದ್ದಳು. ಮೂರನೆಯ ದಿನ ಒಂದು ಬ್ಯಾಟರಿಯ ಪಕ್ಕೆ ಉಬ್ಬಿಕೊಂಡಿತ್ತು. ಮಾಪ್ ಅಲ್ಲೇ ಬಿಟ್ಟು ಇಂಜಿನಿಯರ್ ಶ್ವೇತಾಳ ಹತ್ತಿರ ಓಡಿದಳು.

"ಮೇಡಂ, ಬ್ಯಾಟರಿ ಖೋಲ್ಯಾಗ ಕೊಳ್ತ ತತ್ತಿ ವಾಸನಿ ಬರಾಕತ್ತೈತ್ರಿ. ಒಂದು ಬ್ಯಾಟರಿ ಉಬ್ಬೈತ್ರಿ. ನಾ ಏನೂ ಮುಟ್ಟಿಲ್ರಿ."

"ಎಷ್ಟು ದಿನದಿಂದ ಬರ್ತಿದೆ?"

"ಮೂರು ದಿನ ಆತ್ರಿ."

ಶ್ವೇತಾಳ ಮುಖ ಬಿಳುಚಿಕೊಂಡಿತು. ವಿಪರೀತ ಕಾದ ಬ್ಯಾಟರಿ ಬಿಡುವ ಅನಿಲಕ್ಕೆ ಒಂದು ಕಿಡಿ ತಾಗಿದರೆ ಮುಗಿಯಿತು. ಶ್ವೇತಾ ಎಲ್ಲರನ್ನೂ ಹೊರಗೆ ಕಳಿಸಿ, ಆಚೆ ಕೋಣೆಯಿಂದಲೇ ಚಾರ್ಜ್ ನಿಲ್ಲಿಸಿದಳು. ಬ್ಯಾಟರಿ ಇಲ್ಲದ ಹೊತ್ತಿನಲ್ಲಿ ಕರೆಂಟನ್ನು ನಂಬದೆ ಜನರೇಟರ್ ಮೇಲೆಯೇ ಎಲ್ಲವನ್ನೂ ನಡೆಸಿದರು. ಅದೊಂದು ಕೈಕೊಟ್ಟರೆ ಹಿಂದೆ ಇನ್ಯಾವ ಆಸರೆಯೂ ಇರಲಿಲ್ಲ.

ನಾಲ್ಕು ಗಂಟೆ ಕಾಲ ಹುಲಿಗೆವ್ವ ಪಾರ್ಕಿಂಗ್‌ನಲ್ಲಿ ಕೂತಿದ್ದಳು. ಜನರೇಟರ್ ಸದ್ದು ಒಂಚೂರು ಏರುಪೇರಾದರೂ ಎದ್ದು ನಿಲ್ಲುತ್ತಿದ್ದಳು. ಎರಡು ದಿನ ಬಾಯಿ ಮುಚ್ಚಿಕೊಂಡಿದ್ದು ತಾನೇ ಅಲ್ಲವೇ ಎಂದು ತನ್ನೂರ ಕಡೆಯ ದೇವಿ ಹುಲಿಗೆಮ್ಮನಿಗೆ ಕೈಮುಗಿಯುತ್ತಲೇ ಇದ್ದಳು.

ಮಧ್ಯಾಹ್ನ ಹೊಸ ಬ್ಯಾಟರಿಗಳು ಬಂದವು. ಏನೂ ನಿಲ್ಲಲಿಲ್ಲ. ಪರದೆಗಳು ಹಾಗೇ ಉಳಿದವು, ಬ್ಯಾಟರಿ ಕೋಣೆಯ ಎಸಿ ಮಾತ್ರ ಮತ್ತೆ ಶುರುವಾಯಿತು.

ಮರುದಿನ ಶ್ವೇತಾ ಕೇಳಿದಳು: "ದಿನಾ ಬೆಳಿಗ್ಗೆ ಆ ರೂಮ್ ವಾಸನೆ ನೋಡಿ ನನಗೆ ಹೇಳ್ತೀರಾ?"

"ಭಾಳ ಅಂಜಿಕಿ ಬರ್ತೈತ್ರಿ ಮೇಡಂ."

"ನನಗೂ ಬರತ್ತೆ. ಒಟ್ಟಿಗೆ ಹೋಗೋಣ."

ಒಂದು ವಾರ ಇಬ್ಬರೂ ಹೋದರು. ಆಮೇಲೆ ಶ್ವೇತಾಳಿಗೆ ಪುರುಸೊತ್ತು ಆಗಲಿಲ್ಲ. ಹುಲಿಗೆವ್ವ ಅಲ್ಲಿ ಇನ್ನೂ ಎರಡು ವರ್ಷ ದುಡಿದಳು. ಪ್ರತಿದಿನ ಒಬ್ಬಳೇ ಆ ಬಾಗಿಲು ತೆರೆಯುತ್ತಿದ್ದಳು. ಒಂದು ದಿನವೂ ಅವಳ ಅಂಗೈ ಬೆವರದೆ ಇರಲಿಲ್ಲ.