ಡ್ರಮ್ಮು ತುಂಬುವ ತನಕ

ಪೈಪಿನ ನೀರು ಡ್ರಮ್ಮಿಗೆ ಬೀಳುತ್ತಿತ್ತು. ಪಕ್ಕದಲ್ಲಿ ನನ್ನ ಹೆಂಡತಿ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಅಲುಗಾಡದೆ ಕೂತಿದ್ದಳು. ಹೈದರಾಬಾದಿನ ನಮ್ಮ ಗಲ್ಲಿಗೆ ದಿನ ಬಿಟ್ಟು ದಿನ ನಳದ ನೀರು. ಧ್ಯಾನಕ್ಕೆ ಒಳ್ಳೆಯ ಹೊತ್ತು ಹುಡುಕಿ, ನಸುಕು, ಮಧ್ಯಾಹ್ನ, ಸಂಜೆ ಎಲ್ಲದರಲ್ಲೂ ಸೋತಿದ್ದ ನಾನು ಅವತ್ತೂ ಅರ್ಧಕ್ಕೇ ಎದ್ದು ಬಂದಿದ್ದೆ.

"ಚಾ ಆತೇನ?" ಎಂದೆ.

"ಧ್ಯಾನದಾಗ ಅದೀನ್ರಿ," ಎಂದಳು, ಕಣ್ಣು ತೆರೆಯದೆ. "ನೀರು ಹಿಡಿಯೂ ಮುಂದ ಮನ್ಯಾಗ ಯಾರೂ ನನ್ನ ಕರೆಯಂಗಿಲ್ಲ. ಕರದ್ರ ಪೈಪ್ ಹಿಡಿಯಾಕ ಅವರೇ ಬರಬೇಕಾಗತೈತಿ!"

ಸದ್ದಿಲ್ಲದೆ ಅಡುಗೆಮನೆಗೆ ಹೋದೆ. ಈಗ ನೀರು ಬರುವ ದಿನ ಚಹಾ ನನ್ನದೇ. ಹಾಲು ಉಕ್ಕೀತೆಂಬ ಭಯದಲ್ಲಿ ಪಾತ್ರೆಯನ್ನೇ ನೋಡುತ್ತ ನಿಲ್ಲುತ್ತೇನೆ. ಆಗ ಮನಸ್ಸು ಎಲ್ಲಿಗೂ ಓಡುವುದಿಲ್ಲ.