ಪೆನ್ಸಿಲ್ ಅತ್ತೆ ತಿದ್ದದ ಹೂವು

ನಮ್ಮ ಸೋದರತ್ತೆಗೆ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ಪೆನ್ಸಿಲ್ ಅತ್ತೆ. ಮೂಲೆಯ ಫೋಟೊ ಸ್ಟುಡಿಯೊದಲ್ಲಿ ಮೂವತ್ತೊಂದು ವರ್ಷ ಅವಳು ಮಾಡಿದ್ದು ಒಂದೇ ಕೆಲಸ. ಹಿಂಬದಿಯ ಕಿರುಕೋಣೆಯಲ್ಲಿ, ಅಡಿಯಿಂದ ಬೆಳಕು ಬರುವ ಇಳಿಜಾರು ಗಾಜಿನ ಮೇಲೆ ನೆಗೆಟಿವ್ ಇಟ್ಟು, ಸೂಜಿಯಂತೆ ಹೆರೆದ ಪೆನ್ಸಿಲಿನಿಂದ ಮನುಷ್ಯರ ಮುಖ ತಿದ್ದುವುದು. ಕಣ್ಣಡಿಯ ಊತ, ಮೊಡವೆಯ ಗುಳಿ, ಹಣೆಯ ಗೆರೆ, ಎಲ್ಲ ಮಾಯ. ಅವಳ ಪೆನ್ಸಿಲಿನಡಿ ಅರವತ್ತರ ಅಜ್ಜಿ ನಲವತ್ತಕ್ಕಿಳಿಯುತ್ತಿದ್ದಳು, ನಲವತ್ತರ ಅಮ್ಮ ಮಗಳಿಗೇ ತಂಗಿಯಾಗುತ್ತಿದ್ದಳು. "ದೇವರು ಅರ್ಧಕ್ಕೆ ಬಿಟ್ಟ ಕೆಲಸ, ನಾನು ಮುಗಿಸ್ತೀನಿ ಅಷ್ಟೇ" ಎನ್ನುತ್ತಿದ್ದಳು ಅತ್ತೆ.

ಇಂಥವಳಿಗೆ ಐವತ್ತೆಂಟರಲ್ಲಿ ಒಂದು ಹುಚ್ಚು ಹತ್ತಿತು. ಸ್ಟುಡಿಯೊದ ದುಂಡು ಮೇಜಿನ ಮೇಲೆ ಒಂದು ಹೂದಾನಿ ಇತ್ತು. ವಾರವಿಡೀ ಗಿರಾಕಿಗಳ ಪಕ್ಕ ನಿಂತು ನಿಂತು ಸೊರಗಿದ ಹೂಗಳನ್ನು ಶನಿವಾರ ಕಸದ ಬುಟ್ಟಿಗೆ ಹಾಕುತ್ತಿದ್ದರು. ಒಂದು ಶನಿವಾರ ಅತ್ತೆ ಆ ಬುಟ್ಟಿಯಿಂದ ಒಂದು ಡೇಲಿಯಾ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ದಳದಳದಲ್ಲೂ ಸುಕ್ಕು. ಅದನ್ನು ಪೇಪರಿನಲ್ಲಿ ಸುತ್ತಿ, ಸ್ಟುಡಿಯೊದ ಹಳೆಯ ಕ್ಯಾಮೆರಾವನ್ನೂ ಕೇಳಿ ಪಡೆದು ಮನೆಗೆ ತಂದಳು. "ಚೆನ್ನಾಗಿ ಕಾಣೋ ಹಾಗೆ ಮಾಡಿ ಅಂತ ಹೇಳದೇ ಇರೋ ಗಿರಾಕಿ ಇದೊಂದೇ" ಎಂದಳು.

ಮಾವ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕೋಟಿನ ಒಳಗೆ ಹಾಕುವ ಕಪ್ಪು ಬಟ್ಟೆಯನ್ನು ಅತ್ತೆ ಗೋಡೆಗೆ ಇಳಿಬಿಟ್ಟಳು. ಹೊಲಿಗೆ ಯಂತ್ರದ ದೀಪ ಬಿಚ್ಚಿ ಮಾವನ ಕೈಗೆ ಕೊಟ್ಟಳು. ಬೆಳಕು ಎದುರಿನಿಂದ ಬಿದ್ದರೆ ಸುಕ್ಕು ಅಡಗುತ್ತದೆ, ಪಕ್ಕದಿಂದ ಬಿದ್ದರೆ ಒಂದೊಂದೂ ಎದ್ದು ನಿಲ್ಲುತ್ತದೆ. ತನ್ನ ಕೆಲಸ ಹೆಚ್ಚಾಗುತ್ತದೆಂದು ಜೀವಮಾನವೆಲ್ಲ ಬೈದುಕೊಂಡು ಬಂದಿದ್ದ ಆ ಪಕ್ಕದ ಬೆಳಕೇ ಈಗ ಅವಳಿಗೆ ಬೇಕಾಯಿತು.

"ಇನ್ನೂ ಕೆಳಗೆ ಹಿಡೀರಿ. ಇನ್ನೂ. ಹಾಂ, ಅಲ್ಲಾಡ್ಬೇಡಿ."

"ಹೂವೇ ಅಲ್ಲಾಡ್ತಿದೆ ಕಣೇ, ನಾನಲ್ಲ."

"ಅದಕ್ಕೆ ವಯಸ್ಸಾಗಿದೆ. ನಿಮಗೇನು ಧಾಡಿ?"

"ನನಗೂ ವಯಸ್ಸಾಗಿದೆ. ಫೋಟೊ ನೋಡಿದ್ರೆ ಯಾರು ನಂಬ್ತಾರೆ? ಮದುವೆ ದಿನದಿಂದ ನನ್ನ ಮುಖಾನೂ ತಿದ್ದಿ ತಿದ್ದಿ ಇಟ್ಟಿದ್ದೀಯಲ್ಲ!"

ಸೋಮವಾರ ಸ್ಟುಡಿಯೊದಲ್ಲಿ ನೆಗೆಟಿವ್ ತೊಳೆದು ಗಾಜಿನ ಮೇಲಿಟ್ಟಳು, ಸುಮ್ಮನೆ ನೋಡೋಣವೆಂದು. ಗಂಟೆ ಕಳೆದು ಮೈಮೇಲೆ ಎಚ್ಚರ ಬಂದಾಗ ಪೆನ್ಸಿಲ್ ಕೈಯಲ್ಲಿತ್ತು. ಪ್ರಿಂಟ್ ಹಾಕಿದರೆ, ಕತ್ತು ಬಗ್ಗಿದ್ದೊಂದು ಬಿಟ್ಟು, ಡೇಲಿಯಾ ಆಗ ತಾನೇ ಅರಳಿದಂತಿತ್ತು!

ಮಾವ ಕತ್ತರಿ ಕೆಳಗಿಟ್ಟು ನಕ್ಕರು. "ಬಾಡಿದ ಹೂವಿನ ಫೋಟೊ ತೆಗೀತೀನಿ ಅಂದೋಳು, ಅದನ್ನ ಮದುವೆಹೆಣ್ಣು ಮಾಡಿ ತಂದಿದ್ದೀಯಲ್ಲೇ!"

ಮುಂದಿನ ವಾರದ ಗುಲಾಬಿಗೂ ಅದೇ ಗತಿ, ಅದರ ಮುಂದಿನ ಲಿಲ್ಲಿಗೂ ಅದೇ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಅತ್ತೆಯದು ಹುಟ್ಟುಗುಣವೂ ಅಲ್ಲ, ಸಂಬಳದ ಗುಣ. ಅದು ಇನ್ನೂ ಗಟ್ಟಿ.

ಅತ್ತೆಗೆ ಹಟ ಬಂತು. ಪೆನ್ಸಿಲ್ ಸೋಕದ ಚಿತ್ರ, ಒಂದೇ ಒಂದು, ತನ್ನದು ಅಂತ ಸ್ಟುಡಿಯೊದ ಗಾಜಿನ ಕಿಟಕಿಯಲ್ಲಿ ನಿಲ್ಲಬೇಕು. ಈಗಿನ ಯಜಮಾನ ಹಳೆಯ ಯಜಮಾನರ ಮಗ, ನಲವತ್ತು ದಾಟಿದವನು. ಅವನಿಗೆ ಪೆನ್ಸಿಲ್ ಹಿಡಿಯಲು ಕಲಿಸಿದವಳು ಇವಳೇ. "ಆಯ್ತು ಅತ್ತೆ, ಒಂದು ವಾರ ಇಡೋಣ. ಜನ ನಮ್ಮ ಅಂಗಡೀನೇ ಬಾಡಿಹೋಯ್ತು ಅಂದ್ಕೊಂಡ್ರೆ ನೀವೇ ಜವಾಬ್ದಾರಿ" ಎಂದು ನಗುತ್ತ ಒಪ್ಪಿದ.

ಮತ್ತೊಂದು ಡೇಲಿಯಾ ಬಾಡಿತು. ಈ ಸಲ ಅತ್ತೆ ನೆಗೆಟಿವನ್ನು ಗಾಜಿನ ಹತ್ತಿರವೂ ಒಯ್ಯಲಿಲ್ಲ. ಲಕೋಟೆಗೆ ಹಾಕಿ ಯಜಮಾನನ ಕೈಗಿಟ್ಟಳು. "ನೀನೇ ದೊಡ್ಡದಾಗಿ ಪ್ರಿಂಟ್ ಹಾಕಪ್ಪ. ಇನ್ನೊಂದು ಸಲ ಇದು ನನ್ನ ಕಣ್ಣಿಗೆ ಬಿದ್ರೆ ಕೆಟ್ಟೆ." ಅಂದು ಅವಳು ಮನೆಗೆ ಹೋದದ್ದು ಕೈಬೀಸಿಕೊಂಡು.

ಸೋಮವಾರ ಬಂದು ನೋಡುತ್ತಾಳೆ, ಕಿಟಕಿಯಲ್ಲಿ ಆಳೆತ್ತರದ ಕಪ್ಪು, ಅದರ ನಡುವೆ ಬಿಳಿ ಡೇಲಿಯಾ. ನುಣ್ಣಗೆ, ರೇಷ್ಮೆಯ ಹಾಗೆ. ಒಂದು ಸುಕ್ಕಿಲ್ಲ.

ಯಜಮಾನ ಬಾಗಿಲಲ್ಲೇ ಕಾಯುತ್ತಿದ್ದ. "ಹೇಗಿದೆ ಅತ್ತೆ? ಬಾಡಿದ ಹೂವೇ ಆದ್ರೂ ಅಂಚಲ್ಲೆಲ್ಲ ಕಲೆ ಇತ್ತು, ನೀವು ಕಣ್ತಪ್ಪಿ ಬಿಟ್ಟಿದ್ರಿ. ನಿನ್ನೆ ಪೂರ್ತಿ ಕೂತು ಸರಿ ಮಾಡ್ದೆ. ನೀವು ಹೇಳ್ಕೊಟ್ಟ ಹಾಗೇ, ಸಣ್ಣ ಸುತ್ತು, ಸಣ್ಣ ಸುತ್ತು."

ಗುರುವಿಗೇ ತಿರುಮಂತ್ರ! ಮೂವತ್ತೊಂದು ವರ್ಷದಲ್ಲಿ ಆ ಅಂಗಡಿಯಲ್ಲಿ ಅತ್ತೆಯ ದನಿ ಏರಿದ್ದು ಅದೇ ಮೊದಲು. "ಸರಿ ಮಾಡಿದ್ನಂತೆ! ತಪ್ಪೇನಿತ್ತೋ ಅದರಲ್ಲಿ?"

"ಮೆಲ್ಲಗೆ ಅತ್ತೆ, ಒಳಗೆ ಗಿರಾಕಿ ಇದಾರೆ..."

ಅವನ ಮುಖ ಜೋತುಬಿತ್ತು. ಅತ್ತೆ ಇನ್ನೊಮ್ಮೆ ಕಿಟಕಿಯತ್ತ ತಿರುಗಿ, ಚಿತ್ರವನ್ನು ಹತ್ತಿರದಿಂದ ನೋಡಿದಳು. ಎಲ್ಲೂ ಒಂದು ಗೀಟು ತಪ್ಪಿರಲಿಲ್ಲ. ಸಿಟ್ಟು ಯಾರ ಮೇಲೆ ಮಾಡುವುದು?

"ಕೆಲಸ ಚೆನ್ನಾಗಿ ಮಾಡಿದ್ದೀಯ. ನನಗಿಂತ ನಯ" ಎಂದಳು, ದನಿ ಇಳಿಸಿ. "ಈಗ ಆ ನೆಗೆಟಿವ್ ತಗೋ, ಹತ್ತಿ ತಗೋ, ಟರ್ಪೆಂಟೈನ್ ತಗೋ. ಒರೆಸು."

"ನಾನಾ? ಒಂದು ಇಡೀ ಭಾನುವಾರ ಅತ್ತೆ!"

"ತಿದ್ದೋದು ಮಾತ್ರ ಕಲಿಸಿದ್ದೆ, ಬಿಡೋದು ಕಲಿಸಿರ್ಲಿಲ್ಲ. ನನಗೂ ಬರಲ್ಲ. ಬಾ, ಇಬ್ರೂ ಕಲಿಯೋಣ."

ಕಿರುಕೋಣೆಯ ಗಾಜಿನ ಮುಂದೆ ಇಬ್ಬರೂ ಕೂತರು. ಅವನು ಒರೆಸಿದ, ಅವಳು ಕೈಕಟ್ಟಿ ನೋಡಿದಳು. ಪೆನ್ಸಿಲಿನ ಗೀಟು ಕರಗಿದಂತೆ ಸುಕ್ಕುಗಳು ಒಂದೊಂದಾಗಿ, ದೂರ ಹೋಗಿದ್ದ ಮನೆಮಂದಿಯ ಹಾಗೆ, ಮನೆಗೆ ಮರಳಿದವು.

ಸಂಜೆಗೆ ಹೊಸ ಪ್ರಿಂಟ್ ಕಿಟಕಿ ಸೇರಿತು. ಮಾವ ಅಂಗಡಿ ಮುಚ್ಚಿ ಬಂದರು. ಗಂಡಹೆಂಡಿರು ಎದುರು ಫುಟ್‌ಪಾತಿನಲ್ಲಿ ನಿಂತು ನೋಡುತ್ತಿರುವಾಗ ಚೀಲ ಹಿಡಿದ ಹೆಂಗಸೊಬ್ಬಳು ಕಿಟಕಿಯ ಮುಂದೆ ನಿಂತಳು. ಮೂಗು ಗಾಜಿಗೆ ತಾಗುವಷ್ಟು ಬಗ್ಗಿದಳು. ಆಮೇಲೆ ಸರ್ರನೆ ಒಳಗೆ ಹೋಗಿ, ಏನೋ ಹೇಳಿ, ಸರ್ರನೆ ಹೊರಟೂಹೋದಳು.

ಯಜಮಾನ ಬಾಗಿಲಿಗೆ ಬಂದು ಕೂಗಿದ. "ಅತ್ತೆ! ಇಷ್ಟು ದೊಡ್ಡ ಅಂಗಡಿ ಇಟ್ಕೊಂಡು ಒಂದು ಹೂವಿಗೆ ನೀರು ಹಾಕೋಕೆ ಆಗಲ್ವಾ ಅಂತ ಬೈದು ಹೋದ್ರು!"

ಅತ್ತೆ ಮಾವನ ತೋಳು ಹಿಡಿದು ಅಲ್ಲೇ ಕುಸಿದು ಕೂತು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು.

"ನೋಡಿದ್ರಾ? ಗೊತ್ತಾಯ್ತು ಅವಳಿಗೆ, ಬಾಡಿದೆ ಅಂತ ಗೊತ್ತಾಯ್ತು!"